ಯವರೋಗ: ಪ್ರಾಚೀನ ಅಶ್ವವೈದ್ಯ ಗ್ರಂಥಗಳಲ್ಲಿ ಗೊರಸಿನ ಬೇನೆ

ಕನ್ನಡದ ಪಶುವೈದ್ಯ ಸಾಹಿತ್ಯಕ್ಕೆ ಜೈನ ಗ್ರಂಥಕಾರರ ಕೊಡುಗೆ ಗಣನೀಯವಾದುದು. ಕ್ರಿ.ಶ. 1125ರ ಸುಮಾರಿನಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ‘ಗೋವೈದ್ಯ’ವನ್ನೂ, 1400ರ ಸುಮಾರಿನಲ್ಲಿ ಅಭಿನವಚಂದ್ರನು ‘ಅಶ್ವವೈದ್ಯ’ವನ್ನೂ ರಚಿಸಿದರು. ಸಂಸ್ಕೃತದಲ್ಲಿ ಶಾಲಿಹೋತ್ರನ ಹೆಸರಿನ ಸಂಪ್ರದಾಯವೂ ಜಯದತ್ತನ ‘ಅಶ್ವವೈದ್ಯಕ’ವೂ ಪ್ರಸಿದ್ಧವಾಗಿವೆ. ಇಂತಹ ಗ್ರಂಥಗಳ ಓಲೆಗರಿಗಳನ್ನು ಓದುವವರಿಗೆ ಲಿಪಿಗಿಂತಲೂ ಹೆಚ್ಚಿನ ತೊಡಕನ್ನು ಒಡ್ಡುವುದು ರೋಗದ ಹೆಸರು. ಇಂದು ಒಂದೆಂದು ತಿಳಿದಿರುವ ವ್ಯಾಧಿಯ ಲಕ್ಷಣಗಳು ಹಿಂದಿನ ಗ್ರಂಥಗಳಲ್ಲಿ ಎರಡು ಮೂರು ಹೆಸರುಗಳಡಿ ಹಂಚಿಹೋಗಿರಬಹುದು. ಆಂಗ್ಲ ವೈದ್ಯರು ಲ್ಯಾಮಿನೈಟಿಸ್ ಎಂದು ಕರೆಯುವ ಗೊರಸಿನ ಬೇನೆ ಇದಕ್ಕೆ ಒಳ್ಳೆಯ ನಿದರ್ಶನ.

ಕುದುರೆಯ ಗೊರಸಿನೊಳಗೆ ಒಂದು ಮೂಳೆಯಿದೆ. ಅದು ಗೊರಸಿನ ಗೋಡೆಗೆ ನೇರವಾಗಿ ಅಂಟಿಕೊಂಡಿಲ್ಲ. ಪುಸ್ತಕದ ಹಾಳೆಗಳಂತೆ ಒಂದರೊಳಗೊಂದು ಸೇರಿದ ಸುಮಾರು 550ರಿಂದ 600 ತೆಳುಪದರುಗಳು ಅದನ್ನು ಗೋಡೆಗೆ ಬಂಧಿಸಿವೆ. ಪ್ರಾಣಿಯ ಇಡೀ ಭಾರವು ಈ ಪದರುಗಳ ಮೂಲಕವೇ ನೆಲಕ್ಕಿಳಿಯುತ್ತದೆ. ಪದರುಗಳು ಕೆಟ್ಟು ಬಿಡಿಸಿಕೊಂಡಾಗ ಮೂಳೆ ಓರೆಯಾಗುತ್ತದೆ, ಇಲ್ಲವೆ ಕೆಳಗೆ ಕುಸಿಯುತ್ತದೆ. ನಿನ್ನೆ ನಡೆದಾಡುತ್ತಿದ್ದ ಕುದುರೆ ಇಂದು ಬೆಳಗ್ಗೆ ಹೆಜ್ಜೆಯೆತ್ತಲಾರದೆ ನಿಲ್ಲುತ್ತದೆ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಹಿಂಗಾಲುಗಳನ್ನು ಹೊಟ್ಟೆಯಡಿಗೆ ತಂದು, ಭಾರವನ್ನೆಲ್ಲ ಹಿಂದಕ್ಕೆ ಹಾಕುವ ಅದರ ನಿಲುವನ್ನು ಒಮ್ಮೆ ಕಂಡವರು ಮರೆಯಲಾರರು. ಗೊರಸು ಬಿಸಿಯಾಗಿರುತ್ತದೆ, ಕಾಲಿನ ನಾಡಿ ಬಲವಾಗಿ ಬಡಿಯುತ್ತದೆ.

ಈ ಲಕ್ಷಣಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕ್ರಿ.ಪೂ. 4ನೆಯ ಶತಮಾನದ ಅರಿಸ್ಟಾಟಲನ ಪ್ರಾಣಿಚರಿತ್ರೆಯ ಎಂಟನೆಯ ಪುಸ್ತಕವನ್ನು ನೋಡಬೇಕು. ಬಯಲಿನಲ್ಲಿ ಮೇಯುವ ಕುದುರೆಗಳಿಗೆ ಪಾದದ ಬೇನೆಯೊಂದನ್ನು ಬಿಟ್ಟರೆ ಬೇರೆ ರೋಗಗಳಿಲ್ಲವೆಂದೂ, ಅದರಿಂದ ಕೆಲವೊಮ್ಮೆ ಗೊರಸೇ ಕಳಚಿ ಹೊಸದು ಬೆಳೆಯುವುದೆಂದೂ ಅವನು ಹೇಳುತ್ತಾನೆ. ಲಾಯದ ಕುದುರೆಗಳಿಗೆ ಬರುವ ರೋಗಗಳನ್ನು ಪ್ರತ್ಯೇಕವಾಗಿ ಎಣಿಸುತ್ತ, ಹಿಂಗಾಲುಗಳನ್ನು ಹೊಟ್ಟೆಯಡಿಗೆ ಎಳೆದುಕೊಂಡು ಹಿಂದಕ್ಕೆ ಕುಸಿಯುವಂತೆ ನಿಲ್ಲುವ ಕುದುರೆಯನ್ನು ವರ್ಣಿಸುತ್ತಾನೆ. ಆದರೆ ಅದನ್ನು ಕರುಳಿನ ಬೇನೆಯ ಹೆಸರಿನಲ್ಲಿ ಸೇರಿಸುತ್ತಾನೆ. ಮತ್ತೊಂದೆಡೆ ಬರುವುದು ‘ಕ್ರಿಥಿಯಾಸಿಸ್’, ಎಂದರೆ ಜವೆಗೋಧಿಯಿಂದ ಬರುವ ಯವರೋಗ. ಅದಕ್ಕೆ ಮದ್ದಿಲ್ಲ, ತಾನಾಗಿ ಶಮನವಾದರೆ ಉಂಟು ಎಂಬುದು ಅವನ ಮಾತು. ಪಾದ, ನಿಲುವು, ಆಹಾರ ಎಂಬ ಮೂರು ಸುಳಿವುಗಳೂ ಅವನ ಕೈಯಲ್ಲಿದ್ದವು. ಅವು ಒಂದೇ ವ್ಯಾಧಿಗೆ ಸೇರಬಹುದೆಂಬ ಸೂಚನೆ ಮಾತ್ರ ಅಲ್ಲಿಲ್ಲ.

ಅವನಿಗಿಂತ ಹಿರಿಯನಾದ ಜೆನೊಫನ್ ಅಶ್ವಾರೋಹಣವನ್ನು ಕುರಿತ ತನ್ನ ಗ್ರಂಥದಲ್ಲಿ ಯವರೋಗವನ್ನು ಹೆಸರಿಸಿದ್ದಾನೆ. ಮೇವು ಬಿಟ್ಟ ಕುದುರೆಯನ್ನು ಕೂಡಲೇ ಗಮನಿಸಬೇಕು, ಮನುಷ್ಯರಂತೆ ಕುದುರೆಗಳಲ್ಲಿಯೂ ರೋಗವನ್ನು ಆರಂಭದಲ್ಲಿ ವಾಸಿಮಾಡುವುದು ಸುಲಭ ಎಂದು ಅವನ ಅಭಿಪ್ರಾಯ. ಅವನು ದಂಡಾಳು, ಲಾಯದ ಅನುಭವವಿದ್ದವನು. ಮುಂದೆ ಬೈಜಾಂಟಿಯಂನಲ್ಲಿ ಸಂಕಲಿತವಾದ ‘ಹಿಪ್ಪಿಯಾಟ್ರಿಕ’ದಲ್ಲಿ ಯವರೋಗಕ್ಕೆ ಪ್ರತ್ಯೇಕ ಅಧ್ಯಾಯವೇ ದೊರೆಯಿತು. ಕಾನ್‌ಸ್ಟಂಟೈನನ ಸೈನ್ಯದ ಅಶ್ವವೈದ್ಯನೆಂದು ಪರಂಪರೆ ಹೇಳುವ ಅಪ್ಸಿರ್ಟಸನ ಪತ್ರಗಳು ಈ ಸಂಕಲನದ ಮುಖ್ಯ ಆಕರಗಳು. ಬರ್ಲಿನ್ನಿನಲ್ಲಿರುವ 10ನೆಯ ಶತಮಾನದ ಅಲಂಕೃತ ಹಸ್ತಪ್ರತಿಯು ಈ ಪರಂಪರೆಗೆ ಸೇರಿದುದು. ಸಂಕಲನಕಾರರು ಒಬ್ಬೊಬ್ಬ ಗ್ರಂಥಕಾರನ ಮಾತುಗಳನ್ನು ಕತ್ತರಿಸಿ ರೋಗದ ಹೆಸರಿನಡಿ ಜೋಡಿಸಿದರು. ಓದುವವರಿಗೆ ಅನುಕೂಲವಾಯಿತು, ನಿಜ. ಆದರೆ ಹೆಸರುಗಳ ನಡುವಣ ಗೋಡೆಯೂ ಗಟ್ಟಿಯಾಯಿತು.

ದಕ್ಷಿಣ ಭಾರತದಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ತ್ವವಿತ್ತು. ಇಲ್ಲಿನ ಅರಸರು ಅರೇಬಿಯ, ಪರ್ಷಿಯಗಳಿಂದ ಹಡಗಿನಲ್ಲಿ ಬರುವ ಕುದುರೆಗಳಿಗೆ ಅಪಾರ ಹಣ ಸುರಿಯುತ್ತಿದ್ದರು. 13ನೆಯ ಶತಮಾನದ ಕೊನೆಯಲ್ಲಿ ಮಾಬಾರ್ ತೀರಕ್ಕೆ ಬಂದ ಮಾರ್ಕೊ ಪೋಲೊ, ಅಲ್ಲಿನ ಅರಸನು ವರ್ಷಕ್ಕೆ 2000ಕ್ಕೂ ಮಿಕ್ಕು ಕುದುರೆಗಳನ್ನು ಕೊಳ್ಳುವನೆಂದೂ, ವರ್ಷಾಂತ್ಯಕ್ಕೆ ನೂರೂ ಉಳಿಯವೆಂದೂ ಬರೆದಿದ್ದಾನೆ. ಅನ್ನವನ್ನೂ ಬೇಯಿಸಿದ ಮಾಂಸವನ್ನೂ ಕುದುರೆಗಳಿಗೆ ತಿನ್ನಿಸುತ್ತಿದ್ದರಂತೆ. ಲಾಳಗಾರರು ಆ ನಾಡಿಗೆ ಹೋಗದಂತೆ ವ್ಯಾಪಾರಿಗಳೇ ತಡೆಯುತ್ತಿದ್ದರಂತೆ. ಸತ್ತ ಕುದುರೆಯ ಜಾಗಕ್ಕೆ ಮತ್ತೊಂದನ್ನು ಮಾರಬಹುದಲ್ಲ! ಪ್ರವಾಸಿಯ ಲೆಕ್ಕವನ್ನು ಅಕ್ಷರಶಃ ನಂಬಬೇಕಿಲ್ಲ. ಆದರೂ ಪಿಷ್ಟ ತುಂಬಿದ ಆಹಾರ ಹುಲ್ಲು ಮೇಯುವ ಪ್ರಾಣಿಯ ಗೊರಸಿಗೆ ಕುತ್ತು ತರಬಲ್ಲದೆಂಬುದು ಇಂದು ಖಚಿತವಾದ ಸಂಗತಿ. ಅಭಿನವಚಂದ್ರನ ಗ್ರಂಥ ಹುಟ್ಟಿದ್ದು ಇದಾದ ಸುಮಾರು ಒಂದು ಶತಮಾನದ ಮೇಲೆ, ವಿಜಯನಗರದ ಆಳ್ವಿಕೆಯ ಕಾಲದಲ್ಲಿ. ಕುದುರೆಯನ್ನು ಉಳಿಸುವ ವಿದ್ಯೆಗೆ ಆಗ ಎಷ್ಟು ಬೆಲೆಯಿದ್ದಿರಬೇಕೆಂಬುದನ್ನು ಊಹಿಸಬಹುದು.

ಅರಿಸ್ಟಾಟಲನ ಬಿಡಿ ಸುಳಿವುಗಳು ಒಂದಾಗಿ ಕೂಡಿದ್ದು ತೀರ ಈಚೆಗೆ. 2007ರಲ್ಲಿ ಆಸ್ಟ್ರೇಲಿಯದ ವಿದ್ವಾಂಸರು ಆರೋಗ್ಯವಾಗಿದ್ದ ಪೋನಿ ಕುದುರೆಗಳ ರಕ್ತದಲ್ಲಿ ಇನ್ಸುಲಿನ್ ಪ್ರಮಾಣವನ್ನು ಸತತವಾಗಿ ಏರಿಸಿ ಇಟ್ಟಾಗ, 72 ಗಂಟೆಗಳೊಳಗೆ ಅವುಗಳಲ್ಲಿ ಗೊರಸಿನ ಬೇನೆ ಕಾಣಿಸಿಕೊಂಡಿತು. ಲಾಯದ ಜವೆಗೋಧಿಯಾಗಲಿ, ಸಕ್ಕರೆ ತುಂಬಿದ ಎಳೆಹುಲ್ಲಾಗಲಿ ಇನ್ಸುಲಿನ್ನನ್ನು ಏರಿಸಬಲ್ಲವು. ಬಯಲಿನ ರೋಗ, ಲಾಯದ ರೋಗ ಎಂಬ ಭೇದ ಇಲ್ಲಿ ಕರಗಿಹೋಗುತ್ತದೆ. ಮುದಿಗುದುರೆಗಳಲ್ಲಿ ಇನ್ನೊಂದು ಕಾರಣವೂ ಕೂಡಿಕೊಳ್ಳುತ್ತದೆ. ವಯಸ್ಸಾದಂತೆ ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿ ಹದಗೆಟ್ಟು, ಅಂತಹ ಕೆಲವು ಕುದುರೆಗಳಲ್ಲಿ ಇನ್ಸುಲಿನ್ ಏರುತ್ತದೆ. ಬೇಸಿಗೆಯಲ್ಲೂ ಉದುರದ ಉದ್ದ ಕೂದಲು, ಕರಗುವ ಬೆನ್ನಿನ ಮಾಂಸ ಇದರ ಗುರುತುಗಳು. ಮುಪ್ಪಿನ ಸಹಜ ಚಿಹ್ನೆಯೆಂದು ಒಡೆಯನು ಇವನ್ನು ಕಡೆಗಣಿಸಿದಾಗ ಗೊರಸಿನ ಬೇನೆ ಹಠಾತ್ತನೆ ಬಂದಂತೆ ತೋರುತ್ತದೆ. ಈ ಗ್ರಂಥಿಯ ದೋಷಕ್ಕೆ ಪರ್ಗೊಲೈಡ್ ಎಂಬ ಔಷಧವಿದೆ.

ಬೇನೆ ಬಂದ ಮೇಲಿನ ಉಪಚಾರದಲ್ಲಿ ಮೊದಲ ಗಳಿಗೆಗಳೇ ನಿರ್ಣಾಯಕ. ಧಾನ್ಯವನ್ನೂ ಹಸಿಹುಲ್ಲನ್ನೂ ನಿಲ್ಲಿಸಬೇಕು, ನಡೆಸಬಾರದು, ದಪ್ಪನಾದ ಮೆತ್ತನೆಯ ಹಾಸಿನ ಮೇಲೆ ನಿಲ್ಲಿಸಿ ಅಂಗಾಲಿಗೆ ಆಸರೆ ಕೊಡಬೇಕು, ನೋವು ತಗ್ಗಿಸಬೇಕು, ಕಾಲನ್ನು ಮಂಜುಗಡ್ಡೆಯ ನೀರಿನಲ್ಲಿ ಸತತವಾಗಿ ಇಡಬೇಕು. ಮಂಜುಗಡ್ಡೆಯ ಶೈತ್ಯವು ಪದರುಗಳನ್ನು ಕಾಪಾಡುವುದೆಂದು 2004ರಲ್ಲಿ ಕ್ವೀನ್ಸ್‌ಲ್ಯಾಂಡಿನ ಪ್ರಯೋಗಗಳು ತೋರಿಸಿದವು. ಮೂಳೆ ಕುಸಿದ ಮೇಲೆ ಎಷ್ಟು ಧನವಿದ್ದರೂ ಸಾಲದೆ ಹೋಗಬಹುದು. 1973ರಲ್ಲಿ ಅಮೆರಿಕದ ಬೆಲ್ಮಾಂಟ್ ಪಂದ್ಯವನ್ನು 31 ಕುದುರೆಯಳತೆಗಳ ಅಂತರದಿಂದ ಗೆದ್ದ ಸೆಕ್ರೆಟೇರಿಯಟ್ ಈ ಬೇನೆಗೆ ತುತ್ತಾದಾಗ ಅದಕ್ಕೆ 19 ವರ್ಷ. ಕೆಂಟಕಿಯ ಕ್ಲೇಬೋರ್ನ್ ಅಶ್ವಶಾಲೆಯಲ್ಲಿ ಸುಮಾರು ಒಂದು ತಿಂಗಳು ನಡೆದ ಚಿಕಿತ್ಸೆ ಫಲಿಸದೆ, 1989ರ ಅಕ್ಟೋಬರ್ 4ರಂದು ಅದಕ್ಕೆ ದಯಾಮರಣ ನೀಡಲಾಯಿತು.

ಅಶ್ವವೈದ್ಯದ ಓಲೆಗಳಲ್ಲಿ ಈ ವ್ಯಾಧಿಯನ್ನು ಅರಸುವವರು ಪಾದರೋಗದ ಪ್ರಕರಣವೊಂದನ್ನೇ ನೋಡಿ ತೃಪ್ತರಾಗುವಂತಿಲ್ಲ. ಅಜೀರ್ಣದ ಪ್ರಕರಣದಲ್ಲಿ, ಧಾನ್ಯದ ದೋಷ ಹೇಳುವ ಕಡೆ, ನಡೆಯಲಾರದ ಕುದುರೆಯ ನಿಲುವನ್ನು ವರ್ಣಿಸುವ ಪದ್ಯಗಳಲ್ಲಿ ಅದರ ಗುರುತುಗಳು ಹುದುಗಿರಬಹುದು. ಲಿಪಿಕಾರನು ಅವನ್ನು ಬೇರೆ ಬೇರೆ ಗರಿಗಳಲ್ಲಿ ಬರೆದಿದ್ದರೆ ತಪ್ಪು ಅವನದಲ್ಲ; ಅವನ ಮುಂದಿದ್ದ ಮಾತೃಕೆಯೂ ಹಾಗೆಯೇ ಇದ್ದಿರಬೇಕು.