ಕಾರಿನೊಳಗೆ ಇಂಧನದ ವಾಸನೆ: ಕಾರಣ ಪತ್ತೆಹಚ್ಚುವ ಕ್ರಮ ಹಾಗೂ ನೋಂದಣಿ ನವೀಕರಣಕ್ಕೆ ಮುನ್ನ ಗಮನಿಸಬೇಕಾದ ಅಂಶಗಳು

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಖಾಸಗಿ ಕಾರು ಮಾಲೀಕರ, ವಿಶೇಷವಾಗಿ ಹದಿನೈದು ವರ್ಷ ಪೂರೈಸಿದ ಕೆಎ-25 ಮತ್ತು ಕೆಎ-63 ಸರಣಿಯ ಕಾರುಗಳ ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವವರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ವಾಸನೆಯನ್ನು ಅಲಕ್ಷಿಸಬಾರದೇಕೆ?

ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದು. ಅದು ಮೇಲಕ್ಕೇರಿ ಚದುರದೆ ಕಾರಿನ ನೆಲಹಾಸು, ಆಸನಗಳ ಕೆಳಭಾಗ ಹಾಗೂ ಡಿಕ್ಕಿಯಲ್ಲಿ ಶೇಖರವಾಗುತ್ತದೆ. ಸಣ್ಣದೊಂದು ಕಿಡಿಯೂ ಅದನ್ನು ಹೊತ್ತಿಸಬಲ್ಲದು. ಮೂಗು ಕೆಲವೇ ನಿಮಿಷಗಳಲ್ಲಿ ವಾಸನೆಗೆ ಒಗ್ಗಿಕೊಳ್ಳುವುದರಿಂದ, ಪ್ರತಿದಿನ ಅದೇ ಕಾರಿನಲ್ಲಿ ಓಡಾಡುವವರಿಗೆ ಸೋರಿಕೆಯು ಹೆಚ್ಚಾದದ್ದು ತಿಳಿಯದೆ ಹೋಗಬಹುದು. ಆದುದರಿಂದ ವಾಸನೆಯ ಸಂದೇಹವಿದ್ದಲ್ಲಿ, ಕಾರನ್ನು ರಾತ್ರಿ ಮುಚ್ಚಿಟ್ಟು, ಬೆಳಿಗ್ಗೆ ಅದನ್ನು ಬಳಸದ ಬೇರೊಬ್ಬರಿಂದ ಬಾಗಿಲು ತೆರೆಯಿಸಿ ಕೇಳುವುದು ಉತ್ತಮ.

2. ತೀವ್ರ ವಾಸನೆ ಕಂಡುಬಂದಾಗ

ವಾಹನವನ್ನು ರಸ್ತೆಯ ಬದಿಗೆ ಸುರಕ್ಷಿತವಾಗಿ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಕೆಳಗಿಳಿಸತಕ್ಕದ್ದು. ಮಕ್ಕಳು ಹಾಗೂ ವೃದ್ಧರನ್ನು ಮೊದಲು ಇಳಿಸಿ ದೂರಕ್ಕೆ ಕಳುಹಿಸುವುದು. ಬಾಗಿಲುಗಳನ್ನು ತೆರೆದಿಡುವುದು. ಬೀಡಿ, ಸಿಗರೇಟು, ಬೆಂಕಿಕಡ್ಡಿ, ಲೈಟರ್ ಬಳಸಬಾರದು. ದೀಪ, ಪಂಖ ಅಥವಾ ಯಾವುದೇ ಸ್ವಿಚ್ಚನ್ನು ಮತ್ತೆ ಮತ್ತೆ ಹಾಕಿ ತೆಗೆಯಬಾರದು. ಬ್ಯಾಟರಿಯ ತಂತಿಯನ್ನು ಬಿಚ್ಚಲು ಯತ್ನಿಸಬಾರದು. ಅದರಿಂದಲೂ ಕಿಡಿ ಹಾರಬಹುದು. ನೆಲಕ್ಕೆ ಇಂಧನ ತೊಟ್ಟಿಕ್ಕುತ್ತಿದ್ದಲ್ಲಿ ಅಥವಾ ಹೊಗೆ ಕಂಡುಬಂದಲ್ಲಿ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುವುದು. ಹೊತ್ತಿದ ಪೆಟ್ರೋಲಿನ ಮೇಲೆ ನೀರು ಸುರಿದರೆ ಬೆಂಕಿ ಹರಡುವುದೆಂಬುದನ್ನು ನೆನಪಿಡಬೇಕು.

3. ವಾಸನೆ ಯಾವಾಗ ಬರುತ್ತದೆ?

ಕಾರಣವನ್ನು ಪತ್ತೆಹಚ್ಚಲು ಸ್ಥಳಕ್ಕಿಂತ ಮೊದಲು ಸಮಯವನ್ನು ಗಮನಿಸುವುದು ಸೂಕ್ತ. ಧಾರವಾಡದಿಂದ ಹುಬ್ಬಳ್ಳಿಗೆ ದಿನನಿತ್ಯ ಸಂಚರಿಸುವವರು ಈ ಕೆಳಗಿನಂತೆ ಒಂದು ವಾರ ಬರೆದಿಟ್ಟುಕೊಂಡರೆ ಗ್ಯಾರೇಜಿನಲ್ಲಿ ಅರ್ಧ ಕೆಲಸ ಮುಗಿದಂತೆಯೇ ಸರಿ.

(ಅ) ಟ್ಯಾಂಕ್ ತುಂಬಿಸಿದ ನಂತರ ಮಾತ್ರ: ಟ್ಯಾಂಕಿನ ಮುಚ್ಚಳದ ರಬ್ಬರ್ ಸವೆದಿರಬಹುದು, ಇಂಧನ ತುಂಬಿಸುವ ಕೊಳವೆಯ ಜೋಡಣೆ ಸಡಿಲವಾಗಿರಬಹುದು. ಪಂಪು ತಾನಾಗಿ ನಿಂತ ಬಳಿಕವೂ ಇಂಧನ ಸುರಿಸಿದರೆ, ಆವಿಯನ್ನು ಹೀರುವ ಇದ್ದಿಲಿನ ಡಬ್ಬಿಗೆ ದ್ರವವೇ ನುಗ್ಗಿ ಅದು ಕೆಡುತ್ತದೆ.

(ಆ) ಹಿಂಬದಿ ಆಸನದಲ್ಲಿ ಹೆಚ್ಚು: ಅನೇಕ ಕಾರುಗಳಲ್ಲಿ ಇಂಧನ ಪಂಪಿನ ಮುಚ್ಚಳವು ಹಿಂಬದಿ ಆಸನದ ಅಡಿಯಲ್ಲಿರುತ್ತದೆ. ದುರಸ್ತಿಯ ವೇಳೆ ಅದರ ವಾಶರನ್ನು ಸರಿಯಾಗಿ ಕೂರಿಸದಿದ್ದರೆ ಆವಿ ನೇರವಾಗಿ ಒಳಬರುತ್ತದೆ.

(ಇ) ಎ.ಸಿ. ಅಥವಾ ಬ್ಲೋಯರ್ ಹಾಕಿದಾಗ: ಒಳಗಿನ ಗಾಳಿಯು ಮುಂಗಾಜಿನ ಬುಡದ ಕಿಂಡಿಯಿಂದ ಬರುವುದರಿಂದ, ಬಾನೆಟ್ಟಿನ ಕೆಳಗಿನ ಪೈಪ್, ಕ್ಲಿಪ್ ಅಥವಾ ಇಂಜೆಕ್ಟರಿನ ಬಳಿ ಸೋರಿಕೆಯಿರುವ ಸಂಭವವಿದೆ.

(ಈ) ಕಾರು ನಿಲ್ಲಿಸಿದ ಕೆಲವು ನಿಮಿಷಗಳ ನಂತರ: ಬಿಸಿಯಾದ ಎಂಜಿನ್ನಿನ ಮೇಲೆ ಇಂಧನ ಜಿನುಗಿ ಆವಿಯಾಗುತ್ತಿರಬಹುದು. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಇದು ಹೆಚ್ಚಾಗಿ ಗೋಚರಿಸುತ್ತದೆ.

(ಉ) ಹಲವು ದಿನ ನಿಂತಿದ್ದ ಕಾರಿನಲ್ಲಿ: ಇಲಿಗಳು ರಬ್ಬರ್ ಪೈಪುಗಳನ್ನು ಕಡಿದಿರಬಹುದು.

ಪ್ರಸ್ತುತ ಮಾರಾಟವಾಗುತ್ತಿರುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದಕ್ಕೆಂದು ತಯಾರಾಗದ ಹಳೆಯ ಕಾರುಗಳಲ್ಲಿ ರಬ್ಬರ್ ಪೈಪು ಹಾಗೂ ವಾಶರುಗಳು ಬೇಗ ಸವೆಯಬಹುದಾದ್ದರಿಂದ, ಅವುಗಳನ್ನು ಆಗಾಗ್ಗೆ ಪರೀಕ್ಷಿಸಿ ಬದಲಾಯಿಸುವುದು ಒಳಿತು.

4. ಮಾಲೀಕರು ಸ್ವತಃ ನೋಡಬಹುದಾದವು

ಡಿಕ್ಕಿಯಲ್ಲಿ ಹಳೆಯ ಕ್ಯಾನು, ಎಣ್ಣೆ ಒರೆಸಿದ ಬಟ್ಟೆ, ಇಂಧನ ತಾಗಿದ ನೆಲಹಾಸು ಇವೆಯೇ ಎಂದು ಮೊದಲು ನೋಡುವುದು. ಮನೆಯಂಗಳದಲ್ಲಿ ಕಾರು ನಿಲ್ಲಿಸಿ, ಅಡಿಯಲ್ಲಿ ಸ್ವಚ್ಛವಾದ ರಟ್ಟನ್ನು ಹಾಸಿ, ಬೆಳಿಗ್ಗೆ ಪರಿಶೀಲಿಸುವುದು. ಎ.ಸಿ.ಯಿಂದ ಬಿದ್ದ ನೀರು ಒಣಗಿದರೆ ವಾಸನೆಯಿರದು. ಡೀಸೆಲ್ ಜಿಡ್ಡಾಗಿ ಉಳಿಯುತ್ತದೆ. ಪೆಟ್ರೋಲ್ ಬೇಗನೆ ಆರಿಹೋಗುವುದರಿಂದ ಕಲೆ ಕಾಣದಿದ್ದ ಮಾತ್ರಕ್ಕೆ ಸೋರಿಕೆಯಿಲ್ಲವೆಂದು ಭಾವಿಸಬಾರದು. ಪರಿಶೀಲನೆಗೆ ಟಾರ್ಚನ್ನು ಬಳಸಿ, ಅದನ್ನು ಕಾರಿನಿಂದ ದೂರದಲ್ಲಿಯೇ ಹೊತ್ತಿಸಿಕೊಂಡು ಬರುವುದು.

ಎಂಜಿನ್ ಆರಿಸಿದ ನಂತರವೂ ಇಂಧನದ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಆದ್ದರಿಂದ ಪೈಪುಗಳನ್ನು ತಾವೇ ಬಿಚ್ಚಬಾರದು. ಡೀಸೆಲ್ ಕಾರುಗಳಲ್ಲಿ ಇಂಜೆಕ್ಟರಿನ ಬಳಿಯ ಒತ್ತಡವು ಬಹಳ ಹೆಚ್ಚಾಗಿದ್ದು, ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೋಗಬಲ್ಲದು. ಎಂಜಿನ್ ಚಾಲನೆಯಲ್ಲಿರುವಾಗ ಕೈಯಿಂದ ಮುಟ್ಟಿ ಸೋರಿಕೆ ಹುಡುಕತಕ್ಕದ್ದಲ್ಲ.

5. ಹೊಗೆಯ ವಾಸನೆ

ಒಳಬರುವುದು ಸೈಲೆನ್ಸರಿನ ಹೊಗೆಯಾದರೆ ಅಪಾಯ ಬೇರೆ ಬಗೆಯದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಕಂಡುಬಂದರೆ ಕೂಡಲೇ ಹೊರಗೆ ಬರತಕ್ಕದ್ದು. ಸೈಲೆನ್ಸರಿನಲ್ಲಿ ತೂತು ಅಥವಾ ಡಿಕ್ಕಿಯ ಬಾಗಿಲಿನ ರಬ್ಬರ್ ಹರಿದಿರುವುದು ಇದಕ್ಕೆ ಸಾಮಾನ್ಯ ಕಾರಣ. ಎಂಜಿನ್ ಚಾಲನೆಯಲ್ಲಿಟ್ಟು ಮುಚ್ಚಿದ ಕಾರಿನಲ್ಲಿ ಮಲಗಬಾರದು.

6. ಅನಿಲ ಕಿಟ್ ಇರುವ ಕಾರುಗಳು

ಎಲ್.ಪಿ.ಜಿ. ಕೆಳಗಿಳಿಯುತ್ತದೆ; ಸಿ.ಎನ್.ಜಿ. ಮೇಲೇರುತ್ತದೆ. ಸೋರಿಕೆ ತಿಳಿಯಲೆಂದೇ ಎರಡಕ್ಕೂ ಕೊಳೆತ ವಾಸನೆ ಬೆರೆಸಲಾಗಿರುತ್ತದೆ. ಸಿ.ಎನ್.ಜಿ. ಸಿಲಿಂಡರನ್ನು 3 ವರ್ಷಗಳಿಗೊಮ್ಮೆ, ಎಲ್.ಪಿ.ಜಿ. ಟ್ಯಾಂಕನ್ನು 5 ವರ್ಷಗಳಿಗೊಮ್ಮೆ ಪರೀಕ್ಷೆಗೆ ಒಳಪಡಿಸತಕ್ಕದ್ದು. ಅಡುಗೆ ಮನೆಯ ಸಿಲಿಂಡರಿನಿಂದ ಕಾರು ಓಡಿಸುವುದು ಕಾನೂನುಬಾಹಿರವಾಗಿದ್ದು ಪ್ರಾಣಾಪಾಯಕಾರಿಯೂ ಆಗಿದೆ. ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಪ್ರಕರಣದನ್ವಯ, ಅನುಮೋದಿತ ಕಿಟ್ಟನ್ನು ಮಾತ್ರ ಅಳವಡಿಸಿ, ಬದಲಾವಣೆಯನ್ನು ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳತಕ್ಕದ್ದು.

7. ಅರ್ಜಿದಾರರ ಗಮನಕ್ಕೆ

ಹೊಗೆ ತಪಾಸಣಾ ಪ್ರಮಾಣಪತ್ರವು ಸೈಲೆನ್ಸರಿನ ಕೊನೆಯಿಂದ ಹೊರಬರುವ ಹೊಗೆಗೆ ಮಾತ್ರ ಸಂಬಂಧಿಸಿದೆ. ಪ್ರಮಾಣಪತ್ರವಿದ್ದ ಮಾತ್ರಕ್ಕೆ ಟ್ಯಾಂಕ್ ಅಥವಾ ಪೈಪಿನಲ್ಲಿ ಸೋರಿಕೆಯಿಲ್ಲವೆಂದು ಅರ್ಥವಲ್ಲ.

ಖಾಸಗಿ ಕಾರಿನ ನೋಂದಣಿಯು 15 ವರ್ಷ ಚಾಲ್ತಿಯಲ್ಲಿರುತ್ತದೆ. ಆ ಬಳಿಕ ತಪಾಸಣೆಗೆ ಒಳಪಟ್ಟು 5 ವರ್ಷಗಳಿಗೆ ನವೀಕರಿಸಲಾಗುತ್ತದೆ. ಅವಧಿ ಮುಗಿಯುವ ಮುನ್ನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ. ಇಂಧನ ಸೋರುತ್ತಿರುವ ಕಾರನ್ನು ತಪಾಸಣೆಗೆ ಚಲಾಯಿಸಿಕೊಂಡು ಬರದೆ, ಮೊದಲು ದುರಸ್ತಿ ಮಾಡಿಸಿ, ಬದಲಾಯಿಸಿದ ಭಾಗಗಳ ರಸೀದಿಯನ್ನು ಇಟ್ಟುಕೊಳ್ಳುವುದು.

ಒಂದೇ ಮಾದರಿಯ ಕಾರುಗಳಲ್ಲಿ ತಯಾರಿಕೆಯ ದೋಷವಿದ್ದಲ್ಲಿ, ಕಾಯ್ದೆಗೆ 2019ರಲ್ಲಿ ಸೇರಿಸಲಾದ 110ಎ ಪ್ರಕರಣದನ್ವಯ ಅವುಗಳನ್ನು ಹಿಂದಕ್ಕೆ ಕರೆಸಲು ಅವಕಾಶವಿದೆ. ದುರಸ್ತಿಯ ನಂತರವೂ ವಾಸನೆ ಮರುಕಳಿಸಿದರೆ, ಕಾರಣ ತಿಳಿಯುವವರೆಗೂ ಆ ಕಾರಿನಲ್ಲಿ ಕುಟುಂಬದವರನ್ನು ಕೂರಿಸಿ ಪ್ರಯಾಣಿಸಬಾರದೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.