ಬೆಂಕಿ ಹಚ್ಚಿದ ಕೈ ಯಾವುದು?

1922ರ ಜನವರಿ. ಕೆನಡಾದ ಪೂರ್ವ ಅಂಚಿನ ನೋವಾ ಸ್ಕೋಶಿಯಾ ಪ್ರಾಂತ್ಯದಲ್ಲಿ ಹಿಮ ಬೀಳುವ ಕಾಲ. ಕ್ಯಾಲೆಡೋನಿಯಾ ಮಿಲ್ಸ್ ಎಂಬ ಪುಟ್ಟ ಊರಿನ ಒಂಟಿ ತೋಟದ ಮನೆಯಲ್ಲಿ ಇದ್ದಕ್ಕಿದ್ದಂತೆ ಬೆಂಕಿ ಕಾಣಿಸಿಕೊಂಡಿತು. ಒಂದು ಕಡೆ ಆರಿಸಿದರೆ ಇನ್ನೊಂದು ಕಡೆ ಹೊತ್ತಿಕೊಳ್ಳುತ್ತಿತ್ತು. ಗೋಡೆಗೆ ಅಂಟಿಸಿದ ಕಾಗದ ಸುಟ್ಟಿತು, ಪೀಠೋಪಕರಣ ಸುಟ್ಟಿತು, ಒದ್ದೆ ಬಟ್ಟೆಯೂ ಉರಿಯಿತು ಎಂದು ನೋಡಿದವರು ಹೇಳಿದರು. ಒಂದೇ ರಾತ್ರಿ 38 ಸಲ ಬೆಂಕಿ ಎದ್ದಿತೆಂದು ಪತ್ರಿಕೆಗಳು ಬರೆದವು. ಕೊಟ್ಟಿಗೆಯಲ್ಲಿ ಕಟ್ಟಿದ ದನಗಳ ಹಗ್ಗ ತಾನೇ ಬಿಚ್ಚಿಕೊಳ್ಳುತ್ತಿತ್ತು ಎಂಬ ಮಾತೂ ಹಬ್ಬಿತು. ಕೊನೆಗೆ ಮನೆಯವರು ಬೀಗ ಹಾಕಿ ನೆರೆಯವರ ಆಶ್ರಯಕ್ಕೆ ಹೋದರು.

ಇಂಥದ್ದು ನಮ್ಮ ಕಲಬುರಗಿ, ಬೀದರ್ ಕಡೆಯ ಹಳ್ಳಿಯಲ್ಲಿ ನಡೆದಿದ್ದರೆ ಜನ ‘ಭಾನಾಮತಿ’ ಎನ್ನುತ್ತಿದ್ದರು. ಸ್ಕಾಟ್ಲೆಂಡಿನಿಂದ ವಲಸೆ ಬಂದವರ ಸಂತತಿ ನೆಲೆಸಿದ್ದ ಆ ಸೀಮೆಯಲ್ಲಿ ಅದು ದೆವ್ವದ ಚೇಷ್ಟೆ ಎನಿಸಿತು. ಆ ಮನೆಯಲ್ಲಿದ್ದವರು ವಯಸ್ಸಾದ ದಂಪತಿ ಮತ್ತು ಅವರು ಸಾಕಿಕೊಂಡಿದ್ದ ಸುಮಾರು 15 ವರ್ಷದ ಹುಡುಗಿ. ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು. ಅವಳ ಮೈಯಲ್ಲಿ ಏನೋ ಶಕ್ತಿ ಸೇರಿಕೊಂಡಿದೆ ಎಂಬ ಗುಸುಗುಸು ಆರಂಭವಾಯಿತು.

ಇದನ್ನು ಪತ್ತೆ ಮಾಡಲು ಮೊದಲು ಬಂದವರು ಪೊಲೀಸ್ ಇಲಾಖೆಯಲ್ಲಿ ಪಳಗಿದ ಪತ್ತೇದಾರ ಪಿ. ಓ. ಕ್ಯಾರೊಲ್. ಜೊತೆಗೆ ‘ಹ್ಯಾಲಿಫ್ಯಾಕ್ಸ್ ಹೆರಾಲ್ಡ್’ ಪತ್ರಿಕೆಯ ವರದಿಗಾರ ಹೆರಾಲ್ಡ್ ವಿಡನ್. ಇಬ್ಬರೂ ಆ ಖಾಲಿ ಮನೆಯಲ್ಲಿ ಕೆಲವು ರಾತ್ರಿ ಕಳೆದರು. ಬೆಂಕಿ ಏಳಲಿಲ್ಲ. ಆದರೆ ಹೆಜ್ಜೆ ಸಪ್ಪಳದಂಥ ಸದ್ದು ಕೇಳಿತೆಂದೂ, ಕತ್ತಲಲ್ಲಿ ಯಾರೋ ಮೈಮೇಲೆ ತಟ್ಟಿದಂತಾಯಿತೆಂದೂ ಹೇಳಿದರು. ಸುದ್ದಿ ಅಮೆರಿಕದವರೆಗೂ ಹಬ್ಬಿತು. ಕಳ್ಳರನ್ನು ಹಿಡಿದು ಹೆಸರು ಮಾಡಿದ್ದ ಪತ್ತೇದಾರನೇ ಇದು ಮನುಷ್ಯರ ಕೆಲಸವಲ್ಲ ಎಂದಮೇಲೆ ಸಾಮಾನ್ಯರು ನಂಬದೆ ಇರುತ್ತಾರೆಯೇ?

ಮಾರ್ಚ್ ತಿಂಗಳಲ್ಲಿ ಅಮೆರಿಕದ ಅತೀಂದ್ರಿಯ ಸಂಶೋಧನಾ ಸಂಘದ ಡಾ. ವಾಲ್ಟರ್ ಫ್ರಾಂಕ್ಲಿನ್ ಪ್ರಿನ್ಸ್ ಅಲ್ಲಿಗೆ ಬಂದರು. ಅವರು ಪೊಲೀಸರಲ್ಲ, ಪಾದ್ರಿಯಾಗಿದ್ದು ಮನಶ್ಶಾಸ್ತ್ರದತ್ತ ಹೊರಳಿದವರು. ಸದ್ದು ಕೇಳಲು ಕಾಯುವ ಬದಲು ಅವರು ಗೋಡೆ ನೋಡಿದರು. ಸುಟ್ಟ ಗುರುತುಗಳು ಎಲ್ಲಿವೆ, ಎಷ್ಟು ಎತ್ತರದಲ್ಲಿವೆ ಎಂದು ಪರಿಶೀಲಿಸಿದರು. ಆ ಗುರುತುಗಳು ಹುಡುಗಿಯ ಕೈಗೆ ಎಟುಕುವಷ್ಟು ಎತ್ತರವನ್ನು ಮೀರಿರಲಿಲ್ಲ. ದೆವ್ವಕ್ಕೆ ಸೂರೂ ಒಂದೇ, ನೆಲವೂ ಒಂದೇ. ಎತ್ತರದ ಮಿತಿ ಇರುವುದು ಮನುಷ್ಯನ ಕೈಗೆ.

ಬೆಂಕಿ ಹಚ್ಚಿದ್ದು ಹುಡುಗಿಯೇ ಎಂದು ಪ್ರಿನ್ಸ್ ತೀರ್ಮಾನಿಸಿದರು. ಆದರೆ ಅವರ ವರದಿ ಅಷ್ಟಕ್ಕೇ ನಿಲ್ಲಲಿಲ್ಲ. ಅವಳು ಎಚ್ಚರ ತಪ್ಪಿದಂಥ ಮನಃಸ್ಥಿತಿಯಲ್ಲಿ ಹಾಗೆ ಮಾಡಿದ್ದಾಳೆ, ಆದ್ದರಿಂದ ಅವಳನ್ನು ಅಪರಾಧಿ ಎನ್ನಲಾಗದು ಎಂದರು. ಈ ಮಾತಿನ ಹಿಂದೆ ಅನುಭವವಿತ್ತು. ಒಡೆದ ವ್ಯಕ್ತಿತ್ವದಿಂದ ಬಳಲುತ್ತಿದ್ದ ತರುಣಿಯೊಬ್ಬಳನ್ನು ಪ್ರಿನ್ಸ್ ದಂಪತಿ ಮನೆಗೆ ಕರೆತಂದು ಮಗಳಾಗಿ ಸ್ವೀಕರಿಸಿದ್ದರು.

ಅದೇ ಪ್ರಾಂತ್ಯದ ಅಮ್ಹರ್ಸ್ಟ್ ಪಟ್ಟಣದಲ್ಲಿ 1878ರಲ್ಲಿ ಇಂಥದೇ ಪ್ರಕರಣ ನಡೆದಿತ್ತು. ಹೊತ್ತಿದ ಬೆಂಕಿಕಡ್ಡಿಗಳು ಗಾಳಿಯಿಂದ ಉದುರುತ್ತಿದ್ದವೆಂದು ಕತೆ. ಅಲ್ಲಿ ಶಂಕೆಗೆ ಗುರಿಯಾದವಳು ಅಕ್ಕ–ಭಾವನ ಕಿಕ್ಕಿರಿದ ಮನೆಯಲ್ಲಿದ್ದ ಯುವತಿ. ಮುಂದೆ ಅವಳು ಕೆಲಸಕ್ಕಿದ್ದ ಕಡೆ ಕೊಟ್ಟಿಗೆ ಸುಟ್ಟಾಗ ನ್ಯಾಯಾಲಯ ನಾಲ್ಕು ತಿಂಗಳ ಸೆರೆ ವಿಧಿಸಿತು. ಒಂದು ತಿಂಗಳಲ್ಲಿ ಬಿಡುಗಡೆಯಾಯಿತು. ಊರಿಗೆ ಅವಳು ದೆವ್ವ ಹಿಡಿದವಳು, ಕಾನೂನಿಗೆ ಕಿಚ್ಚಿಟ್ಟವಳು. ಅವಳಿಗೇನು ಕಷ್ಟವಿತ್ತೆಂದು ಕೇಳುವುದು ಎರಡೂ ಕಡೆಯವರಿಗೆ ಮುಖ್ಯವಾಗಲಿಲ್ಲ.

1948ರ ಆಗಸ್ಟ್‌ನಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಮೆಕೋಂಬ್ ಬಳಿಯ ರೈತರೊಬ್ಬರ ಮನೆಯ ಗೋಡೆ ಕಾಗದದ ಮೇಲೆ ಕಂದು ಕಲೆಗಳು ಮೂಡಿ ಉರಿಯತೊಡಗಿದವು. ಸುಮಾರು 200 ಸಲ ಬೆಂಕಿ ಬಿತ್ತೆಂದು ವರದಿಯಾಯಿತು. ಮನೆ ಸುಟ್ಟುಹೋಯಿತು, ಕಣಜಗಳೂ ಬೂದಿಯಾದವು. ಈಗ ಕಾಲ ಬದಲಾಗಿತ್ತು. ಅಣುಬಾಂಬು ಕಂಡಿದ್ದ ಜನ ದೆವ್ವದ ಬದಲು ರೇಡಿಯೋ ತರಂಗಗಳನ್ನು ಶಂಕಿಸಿದರು. ವಾಯುಪಡೆಯ ತಂತ್ರಜ್ಞರೂ ತಲೆ ಹಾಕಿದರು. ಕಾಗದವನ್ನು ಪ್ರಯೋಗಾಲಯಕ್ಕೆ ಕಳಿಸಿದರೂ ಸುಳಿವು ಸಿಗಲಿಲ್ಲ. ತಿಂಗಳ ಕೊನೆಗೆ ಅಗ್ನಿ ತನಿಖಾಧಿಕಾರಿ ಜಾನ್ ಬರ್ಗಾರ್ಡ್ ರಹಸ್ಯ ಬಯಲಾಯಿತೆಂದು ಸಾರಿದರು. ರೈತನ ಬಂಧುವಾದ 13 ವರ್ಷದ ಹುಡುಗಿ, ಅಡುಗೆಮನೆಯ ಬೆಂಕಿಕಡ್ಡಿಗಳಿಂದ ತಾನೇ ಕಿಚ್ಚಿಟ್ಟದ್ದಾಗಿ ಒಪ್ಪಿಕೊಂಡಿದ್ದಳು. ತಂದೆ ತಾಯಿ ಬೇರೆಯಾಗಿದ್ದರು; ಅವಳಿಗೆ ತಾಯಿಯ ಬಳಿ ಇರಬೇಕಿತ್ತು.

ಇಷ್ಟೊಂದು ಜನರ ಕಾವಲಿನಲ್ಲಿ ಒಬ್ಬ ಹುಡುಗಿ ಅಷ್ಟೆಲ್ಲ ಬೆಂಕಿ ಹಚ್ಚುವುದು ಹೇಗೆ ಸಾಧ್ಯ ಎಂದು ಅನೇಕರು ಅಂದೇ ಕೇಳಿದರು. ಅಧಿಕಾರಿಗಳ ಮುಂದೆ ಕುಳಿತ ಮಗುವಿನ ತಪ್ಪೊಪ್ಪಿಗೆಗೆ ಎಷ್ಟು ಬೆಲೆ ಕೊಡಬೇಕೆಂಬುದೂ ನ್ಯಾಯವಾದ ಪ್ರಶ್ನೆಯೇ. ಆದರೆ ಆ ಹುಡುಗಿಯ ಸಂಕಟ ಮಾತ್ರ ಕಟ್ಟುಕತೆಯಾಗಿರಲಿಲ್ಲ.

ಮೂರೂ ಪ್ರಕರಣಗಳಲ್ಲಿ ಒಂದು ಸಾಮ್ಯವಿದೆ. ಒಬ್ಬಳು ಭಾವನ ಮನೆಯಲ್ಲಿದ್ದವಳು, ಇನ್ನೊಬ್ಬಳು ಸಾಕುಮಗಳು, ಮತ್ತೊಬ್ಬಳು ಬಂಧುಗಳ ಆಶ್ರಯದಲ್ಲಿದ್ದವಳು. ಮೂವರಿಗೂ ಅದು ಸ್ವಂತ ಮನೆಯಲ್ಲ. ಬೇಡವೆನ್ನುವ, ಬೇಕೆನ್ನುವ ಅಧಿಕಾರ ಅವರಿಗೆ ಇರಲಿಲ್ಲ. ಅಂಥವರಿಗೆ ಅಲೌಕಿಕ ಶಕ್ತಿಯನ್ನು ಆರೋಪಿಸಲು ನೆರೆಹೊರೆ ಎಷ್ಟು ಬೇಗ ಸಿದ್ಧವಾಯಿತು! ಪತ್ತೇದಾರರು ಬೆಂಕಿಕಡ್ಡಿ ಹುಡುಕಿದರು, ಮಂತ್ರ ಬಲ್ಲವರು ದೆವ್ವ ಹುಡುಕಿದರು. 1922ರಲ್ಲಿ ಪ್ರಿನ್ಸ್ ಗೋಡೆಯ ಗುರುತಿನ ಎತ್ತರ ನೋಡಿದಮೇಲೆ, ಆ ಎತ್ತರದಲ್ಲಿದ್ದ ಹುಡುಗಿಯ ಮನಸ್ಸನ್ನೂ ನೋಡಲು ಯತ್ನಿಸಿದರು. ಅವಳು ಜೈಲಿಗೆ ಹೋಗಬೇಕಾದವಳಲ್ಲ ಎಂದು ಅವರು ಬರೆದದ್ದು ಅದರಿಂದಲೇ.