ಕೌದಿಯೊಳಗಿನ ಮನೆತನ

ತೀರಿಹೋದವರ ನೆನಪನ್ನು ಉಳಿಸಿಕೊಳ್ಳುವುದಕ್ಕೆ ಮನುಷ್ಯನು ಹೂಡಿರುವ ಉಪಾಯಗಳು ಒಂದೆರಡಲ್ಲ. ಅರಸರು ಶಾಸನಗಳನ್ನು ಬರೆಯಿಸಿದರು. ಕಾಳಗದಲ್ಲಿ ಮಡಿದವನಿಗೆ ಊರವರು ವೀರಗಲ್ಲು ನೆಟ್ಟರು. ಗಂಡನ ಚಿತೆಯೇರಿದವಳಿಗೆ ಮಾಸ್ತಿಕಲ್ಲು ನಿಂತಿತು. ಕಲ್ಲು ಕೆತ್ತಿಸಲು ಹಣ ಬೇಕು, ಇಲ್ಲವೆ ಸಾವಿನಲ್ಲಾದರೂ ಏನಾದರೊಂದು ವಿಶೇಷವಿರಬೇಕು. ಜ್ವರ ಬಂದು ಹಾಸಿಗೆಯ ಮೇಲೆಯೇ ಸತ್ತ ಬಡ ರೈತನಿಗೆ, ಹೆರಿಗೆಯಲ್ಲಿ ಕಣ್ಣುಮುಚ್ಚಿದ ಹೆಣ್ಣುಮಗಳಿಗೆ, ಜೀವಮಾನವೆಲ್ಲ ರೊಟ್ಟಿ ಬಡಿದು ತೀರಿಕೊಂಡ ಅಜ್ಜಿಗೆ ಯಾರು ಕಲ್ಲು ನೆಟ್ಟಾರು? ಅಂಥವರಿಗಾಗಿ ನಮ್ಮ ಉತ್ತರ ಕರ್ನಾಟಕದ ಹೆಂಗಸರು ಬೇರೊಂದು ಬಗೆಯ ಸ್ಮಾರಕವನ್ನು ಮಾಡಿಕೊಂಡು ಬಂದಿದ್ದಾರೆ. ಅದನ್ನು ನೋಡಲು ಗುಡಿಯ ಅಂಗಳಕ್ಕೆ ಹೋಗಬೇಕಾಗಿಲ್ಲ. ಮನೆಯಲ್ಲಿ ಹಾಸಿಗೆಯ ಸುರುಳಿಯನ್ನು ಬಿಚ್ಚಿದರೆ ಸಾಕು. ಅದಕ್ಕೆ ಕೌದಿಯೆಂದು ಹೆಸರು.

ನಾನು ಹುಟ್ಟಿ ಬೆಳೆದುದು ಯಾದಗಿರಿ ಸೀಮೆಯ ಬಳಿಚಕ್ರದಲ್ಲಿ. ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, ೧೯೫೬ರ ನವೆಂಬರ್ ೧ರಂದು ಕನ್ನಡ ನಾಡಿನೊಡನೆ ಕೂಡಿಕೊಂಡ ನೆಲವಿದು. ಬಹುಕಾಲ ಕಲಬುರಗಿ ಜಿಲ್ಲೆಗೆ ಸೇರಿದ್ದ ಈ ಭಾಗ ೨೦೦೯ರ ಡಿಸೆಂಬರಿನಲ್ಲಿ ಯಾದಗಿರಿ ಜಿಲ್ಲೆಯಾಯಿತು. ತೆಲುಗು ನಾಡು ಇಲ್ಲಿಗೆ ದೂರವಲ್ಲ. ಆದುದರಿಂದ ಒಂದೇ ವಸ್ತುವಿಗೆ ನಮ್ಮ ಕಡೆಯ ಸಂತೆಗಳಲ್ಲಿ ಹಲವು ಹೆಸರು ಕೇಳಿಬರುತ್ತವೆ. ನಾವು ಕೌದಿಯೆಂದರೆ ತೆಲುಗರು ಬೊಂತ ಎನ್ನುತ್ತಾರೆ. ದಖನಿ ಮಾತಿನವರು ಗುದಡಿ ಎನ್ನುತ್ತಾರೆ. ಪಶ್ಚಿಮಕ್ಕೆ ಹೋದರೆ ಮರಾಠಿಯವರಿಗೆ ಅದೇ ಗೋಧಡಿ. ತೆಲುಗಿನ ಬೊಂತ ನಮಗೂ ಹೊರಗಿನದಲ್ಲ. ಹಳೆಯ ಕನ್ನಡದಲ್ಲಿ ಅದು ಬೊಂತೆ. ಆ ಬೊಂತೆಯ ಕಥೆಯನ್ನು ಮುಂದೆ ಹೇಳುತ್ತೇನೆ.

ಪಟ್ಟಣದ ವಾಚಕರಲ್ಲಿ ಕೌದಿ ಹೊಲಿಯುವುದನ್ನು ನೋಡದವರೂ ಇರಬಹುದು. ಸುಗ್ಗಿಯ ಕೆಲಸ ಮುಗಿದು ಬೇಸಗೆ ಕಾಲಿಟ್ಟಿತೆಂದರೆ ಅಟ್ಟದ ಮೇಲಿನ ಗಂಟುಗಳು ಕೆಳಗಿಳಿಯುತ್ತವೆ. ಗಂಟಿನೊಳಗೆ ವರ್ಷಗಳಿಂದ ಕೂಡಿಟ್ಟ ಹಳೆಯ ಸೀರೆ, ಧೋತರ, ಅಂಗಿ, ಕುಪ್ಪಸಗಳು. ಮೊದಲು ಒಂದು ಧೋತರವನ್ನೋ ಸೀರೆಯನ್ನೋ ನೆಲಕ್ಕೆ ಹಾಸಿ ಸುಕ್ಕು ತೆಗೆಯುತ್ತಾರೆ. ಅದರ ಮೇಲೆ ಪದರ ಪದರವಾಗಿ ಹಳೆಯ ಬಟ್ಟೆ. ಎಲ್ಲಕ್ಕೂ ಮೇಲೆ ಬಣ್ಣಬಣ್ಣದ ತುಂಡುಗಳು, ಚೌಕವಾಗಿ, ಪಟ್ಟಿಯಾಗಿ, ಮೂಲೆಗಳಲ್ಲಿ ತ್ರಿಕೋನವಾಗಿ. ಇಲಕಲ್ ಸೀರೆಯ ಕೆಂಪು ಸೆರಗು ಒಂದು ಕಡೆ ಬಂದರೆ ಗುಳೇದಗುಡ್ಡದ ಖಣದ ಚೂರು ಇನ್ನೊಂದು ಕಡೆ ಬರುತ್ತದೆ. ಆಮೇಲೆ ದೊಡ್ಡ ಸೂಜಿಗೆ ದಪ್ಪ ದಾರ ಪೋಣಿಸಿ, ಅಂಚಿನಿಂದ ಆರಂಭಿಸಿ, ಸುತ್ತು ಹಾಕುತ್ತ ನಡುವಿನವರೆಗೆ ಸಾಲು ಹೊಲಿಗೆ ಹಾಕಿಕೊಂಡು ಬರಬೇಕು. ಇಬ್ಬರು ಮೂವರು ಸುತ್ತಲೂ ಕುಳಿತರೆ ಕೈಯ ಜೊತೆಗೆ ಬಾಯಿಯೂ ಕೆಲಸ ಮಾಡುತ್ತದೆ. ಮನೆಯವರಿಗೆ ಬಿಡುವಿಲ್ಲದಿದ್ದರೆ ಗೊಂದಲಿಗರೇ ಮೊದಲಾದ ಅಲೆಮಾರಿ ಜನರ ಹೆಣ್ಣುಮಕ್ಕಳು ಊರಿಂದೂರಿಗೆ ಬಂದು ಹೊಲಿದುಕೊಡುತ್ತಿದ್ದರು. ಜೋಳವನ್ನೋ ಒಂದಿಷ್ಟು ದುಡ್ಡನ್ನೋ ಪಡೆಯುತ್ತಿದ್ದರು.

ನಮ್ಮ ಮನೆಯಲ್ಲಿ ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಆಯಿ ಅದರೊಳಗೆ ರೊಟ್ಟಿಯ ಒಂದು ಚೂರನ್ನು ಇಡುತ್ತಿದ್ದಳು. ಏಕೆಂದು ಕೇಳಿದರೆ, “ಕೌದಿ ಉಪಾಸ ಇರಬಾರ್ದು ತಮ್ಮಾ” ಎನ್ನುವಳು. ಇದು ಬಳಿಚಕ್ರದ ಒಬ್ಬ ಮುದುಕಿಯ ಹುಚ್ಚೆಂದು ಬಹಳ ದಿನ ತಿಳಿದಿದ್ದೆ. ಆಮೇಲೆ ಉತ್ತರ ಕನ್ನಡದ ಸಿದ್ದಿಯರ ವಿಷಯ ಓದಿದೆ. ಆಫ್ರಿಕದ ಮೂಲದವರಾದ ಇವರು ಹಳಿಯಾಳ, ಯಲ್ಲಾಪುರಗಳ ಕಾಡುಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿದವರು. ಅವರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರೂ ಮತದವರುಂಟು. ಅವರ ಕೌದಿಗಳನ್ನು ಕುರಿತು ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಸಂಶೋಧನೆ ನಡೆಸಿದ್ದಾರೆ. ಮೂಲೆಗಳಲ್ಲಿ ‘ಫುಲಾ’ ಎಂಬ ತ್ರಿಕೋನದ ಹೂಗಳನ್ನು ಹೊಲಿಯದಿದ್ದರೆ ಸಿದ್ದಿ ಹೆಂಗಸರಿಗೆ ಕೌದಿ ಮುಗಿದಂತಾಗುವುದಿಲ್ಲ. ಅಲ್ಲಿಯೂ ಕೆಲವರು ಮೂಲೆಯೊಳಗೆ ನಾಲ್ಕು ಅಕ್ಕಿಕಾಳು ಇಡುವುದುಂಟು. ಕೌದಿಯ ಹೊಟ್ಟೆ ತುಂಬಿರಲೆಂದು. ಆಯಿ ಹಳಿಯಾಳವನ್ನು ಕಂಡವಳಲ್ಲ. ಆದರೂ ಇಬ್ಬರೂ ಕೌದಿಯನ್ನು ಹಸಿವುಳ್ಳ ಜೀವವೆಂದೇ ಬಗೆದರು.

ಇನ್ನು ಇತಿಹಾಸಕ್ಕೆ ಬರೋಣ. ಚಿಂದಿಯನ್ನು ಜೋಡಿಸಿ ಹೊಲಿಯುವ ವಿದ್ಯೆಗೆ ನಮ್ಮ ಸೀಮೆಯಲ್ಲಿ ಎರಡು ಸಾವಿರ ವರ್ಷಗಳ ಹಿನ್ನೆಲೆಯನ್ನು ಹೇಳಬಹುದು. ಭೀಮಾನದಿಯ ದಡದ ಸನ್ನತಿಯಲ್ಲಿ ೧೯೮೬ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠವಾಗಿ ಬಳಸಿದ್ದ ಕಲ್ಲೇ ಅಶೋಕನ ಶಾಸನವೆಂದು ತಿಳಿದುಬಂತು. ಪಕ್ಕದ ಕನಗನಹಳ್ಳಿಯಲ್ಲಿ ದೊಡ್ಡದೊಂದು ಸ್ತೂಪವೂ, ಅಶೋಕನ ಹೆಸರನ್ನೇ ಬರೆದ ಅವನ ಶಿಲ್ಪವೂ ದೊರೆತವು. ಅಲ್ಲಿ ಬೌದ್ಧ ಭಿಕ್ಷುಗಳು ನಡೆದಾಡಿದ್ದರೆಂಬುದರಲ್ಲಿ ಸಂದೇಹವಿಲ್ಲ. ಭಿಕ್ಷುವಿನ ಉಡುಪೆಂದರೆ ಚೀವರ. ಕಸದಲ್ಲಿಯೂ ಸ್ಮಶಾನದಲ್ಲಿಯೂ ಬಿದ್ದ ಅರಿವೆಯನ್ನು ಆಯ್ದು ಹೊಲಿದುಕೊಳ್ಳುವುದು ಅವರಲ್ಲಿ ಮೆಚ್ಚಿಗೆಯ ವ್ರತವಾಗಿತ್ತು. ಮಗಧದ ಗದ್ದೆಗಳನ್ನೂ ಅವುಗಳ ಬದುಗಳನ್ನೂ ತೋರಿಸಿ, ಚೀವರವನ್ನು ಇದೇ ರೀತಿ ತುಂಡುತುಂಡಾಗಿ ಜೋಡಿಸಲು ಬರುತ್ತದೆಯೆ ಎಂದು ಬುದ್ಧನು ಆನಂದನನ್ನು ಕೇಳಿದನೆಂದು ವಿನಯಪಿಟಕವು ಹೇಳುತ್ತದೆ.

ಶರಣರ ಕಾಲಕ್ಕೆ ಬಂದರೆ ಬೊಂತಾದೇವಿ ಎದುರಾಗುತ್ತಾಳೆ. ಅವಳು ಕಾಶ್ಮೀರದ ಕಡೆಯ ರಾಜಕುವರಿಯೆಂದೂ, ಉಟ್ಟ ಬಟ್ಟೆಯನ್ನೂ ಬಿಟ್ಟು ಮನೆಯಿಂದ ಹೊರಟಳೆಂದೂ, ಶಿವನು ಅವಳಿಗೆ ಬೊಂತೆಯೊಂದನ್ನು ಕೊಟ್ಟುದರಿಂದ ಆ ಹೆಸರು ಬಂತೆಂದೂ ಕಥೆಯಿದೆ. ಕಲ್ಯಾಣಕ್ಕೆ ಬಂದು ನೆಲಸಿದ ಆಕೆಯ ವಚನಗಳ ಅಂಕಿತ ‘ಬಿಡಾಡಿ’. ಇತ್ತ ನಮ್ಮ ಸುರಪುರ ಸೀಮೆಯ ಮುದನೂರಿನವನು ನೇಕಾರ ಜೇಡರ ದಾಸಿಮಯ್ಯ. ಬಹುಕಾಲ ಶ್ರಮಪಟ್ಟು ನೇಯ್ದ ಅಪೂರ್ವವಾದ ವಸ್ತ್ರವನ್ನು ಆತ ಬೇಡಿದ ಮುದುಕ ಜಂಗಮನಿಗೆ ಕೊಟ್ಟನಂತೆ. ಆ ಜಂಗಮ ಅದನ್ನು ಅವನ ಕಣ್ಣೆದುರಿಗೇ ಚೂರುಚೂರಾಗಿ ಹರಿದನಂತೆ. ದಾಸಿಮಯ್ಯನಿಗೆ ಸಿಟ್ಟು ಬರಲಿಲ್ಲ. ಮೆಚ್ಚಿದ ಶಿವನು ಎಷ್ಟು ತೆಗೆದರೂ ತೀರದ ತವನಿಧಿಯನ್ನು ಕೊಟ್ಟನೆಂದು ಪುರಾಣವು ಕಥೆಯನ್ನು ಮುಗಿಸುತ್ತದೆ. ಇನ್ನು ೧೪೨೨ರಲ್ಲಿ ಕಲಬುರಗಿಯಲ್ಲಿ ದೇಹವಿಟ್ಟ ಖ್ವಾಜಾ ಬಂದೇನವಾಜರ ಸೂಫಿ ಪಂಥದಲ್ಲಿಯೂ ಗುರುವಿನಿಂದ ಶಿಷ್ಯನಿಗೆ ಬರುವ ‘ಖಿರ್ಕಾ’ ಎಂಬ ನಿಲುವಂಗಿಯುಂಟು; ತೇಪೆ ಹಚ್ಚಿದ ಅಂಗಿ ಫಕೀರತನದ ಗುರುತು.

ಭಿಕ್ಷುವಿನ ಚೀವರ, ಶರಣೆಯ ಬೊಂತೆ, ಸೂಫಿಯ ಖಿರ್ಕಾ ಈ ಮೂರೂ ವಿರಕ್ತರ ವಸ್ತ್ರಗಳೆಂಬುದನ್ನು ವಾಚಕರು ಗಮನಿಸಬೇಕು. ಚಿಂದಿಯನ್ನು ತೊಟ್ಟವನು ‘ನನಗೆ ಮನೆಯಿಲ್ಲ, ನನ್ನವರೆಂಬುವರಿಲ್ಲ’ ಎಂದು ಲೋಕಕ್ಕೆ ಸಾರುತ್ತಾನೆ. ಅವನು ಆಯ್ದ ಅರಿವೆ ಯಾರದೋ ಏನೋ! ಯಾರದೆಂದು ತಿಳಿಯದಿದ್ದರೇ ಒಳ್ಳೆಯದು. ತಿಳಿದರೆ ಮಮತೆ ಅಂಟಿಕೊಳ್ಳುವ ಭಯ. ಅದೇ ಚಿಂದಿ, ಅದೇ ಸೂಜಿ, ಅದೇ ಹೊಲಿಗೆಯನ್ನು ನಮ್ಮ ಹಳ್ಳಿಯ ಗೃಹಿಣಿ ತೆಗೆದುಕೊಂಡು ನೇರ ತಿರುವುಮುರುವಾದ ಕೆಲಸ ಮಾಡಿದಳು. ಅವಳ ಕೌದಿಯಲ್ಲಿ ಯಾರದೆಂದು ತಿಳಿಯದ ಬಟ್ಟೆ ಒಂದು ಗೇಣೂ ಇಲ್ಲ. ಇದು ಅತ್ತೆಯ ಮಡಿಸೀರೆ, ಇದು ಮಾವನ ರುಮಾಲು, ಇದು ಬಾಳದೆ ಹೋದ ಚೊಚ್ಚಲ ಕೂಸಿನ ಅಂಗಿ ಎಂದು ಬೆರಳಿಟ್ಟು ತೋರಿಸಬಲ್ಲಳು. ವಿರಕ್ತರು ನಂಟನ್ನು ಹರಿದುಕೊಳ್ಳುವುದಕ್ಕೆ ಬಳಸಿದ ಬೊಂತೆಯಿಂದಲೇ ಅವಳು ನಂಟನ್ನು ಹೊಲಿದುಕೊಂಡಳು. ವಿರಕ್ತರ ಮಾರ್ಗವನ್ನು ಕುರಿತು ನಮ್ಮಲ್ಲಿ ಎಷ್ಟೋ ಗ್ರಂಥಗಳಿವೆ. ಈ ಗೃಹಿಣಿಯನ್ನು ಕುರಿತು ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಪುಟವೊಂದು ಸಿಕ್ಕುವುದೂ ಕಷ್ಟ.

ಈ ಭಾವನೆ ನಮ್ಮಲ್ಲಿ ಮಾತ್ರ ಇರುವುದೆಂದು ಹೆಮ್ಮೆಪಡಬೇಕಾಗಿಲ್ಲ. ಅಮೆರಿಕದ ಅಲಬಾಮಾ ಸಂಸ್ಥಾನದಲ್ಲಿ ಗೀಸ್ ಬೆಂಡ್ ಎಂಬ ಕರಿಯರ ಬಡ ಹಳ್ಳಿಯೊಂದಿದೆ. ಅಲ್ಲಿಯ ಮಿಸೌರಿ ಪೆಟ್ವೇ ಎಂಬಾಕೆ ೧೯೪೨ರಲ್ಲಿ, ತೀರಿಹೋದ ಗಂಡನ ಹೊಲದ ಕೆಲಸದ ಬಟ್ಟೆಗಳನ್ನೆಲ್ಲ ಬಿಚ್ಚಿ ಒಂದು ಕೌದಿ ಹೊಲಿದಳು. ಅದನ್ನು ಹೊದ್ದು ಅವನನ್ನು ನೆನೆಯುವುದು ಅವಳ ಉದ್ದೇಶ. ೧೯೮೭ರ ಅಕ್ಟೋಬರಿನಲ್ಲಿ ಅದೇ ದೇಶದ ರಾಜಧಾನಿ ವಾಷಿಂಗ್ಟನ್ನಿನ ಬಯಲಿನಲ್ಲಿ ಏಡ್ಸ್ ರೋಗದಿಂದ ಸತ್ತವರ ನೆನಪಿಗಾಗಿ ೧,೯೨೦ ತುಂಡುಗಳ ಮಹಾ ಕೌದಿಯೊಂದನ್ನು ಹಾಸಿದರು. ಒಂದೊಂದು ತುಂಡೂ ಆರಡಿ ಉದ್ದ, ಮೂರಡಿ ಅಗಲ; ಗೋರಿಯ ಅಳತೆ. ಇಂದು ಅದು ಸುಮಾರು ೫೦,೦೦೦ ತುಂಡುಗಳಷ್ಟು ಬೆಳೆದಿದೆ. ಹೆಸರು ಹೇಳಲೂ ಲೋಕ ನಾಚುತ್ತಿದ್ದ ಸಾವುಗಳನ್ನು ಆ ಜನ ಬಟ್ಟೆಯ ಮೇಲೆ ಹೆಸರು ಹೊಲಿದು ಬಯಲಿಗೆ ತಂದರು. ಆ ಕೌದಿ ಇರುವುದು ಜಗತ್ತು ನೋಡಲೆಂದು. ಬಳಿಚಕ್ರದ ಕೌದಿಯನ್ನು ಯಾರೂ ನೋಡಲು ಬರುವುದಿಲ್ಲ. ಮನೆಯವರು ಅದನ್ನು ಹೊದ್ದು ಮಲಗುತ್ತಾರೆ, ಮಗು ಅದರ ಮೇಲೆ ಉಚ್ಚೆ ಹೊಯ್ಯುತ್ತದೆ, ಹಳ್ಳದಲ್ಲಿ ಒಗೆದು ಬಂಡೆಯ ಮೇಲೆ ಒಣಹಾಕುತ್ತಾರೆ. ಹತ್ತು ಹದಿನೈದು ವರ್ಷಕ್ಕೆ ಮೇಲ್ಪದರ ಜೀರ್ಣವಾದರೆ ಎಸೆಯುವುದಿಲ್ಲ. ಹೊಸ ಕೌದಿಯ ಒಳಪದರವಾಗಿ ಅದು ಮತ್ತೆ ಸೇರುತ್ತದೆ. ಮೊಮ್ಮಗ ಹೊದ್ದ ಕೌದಿಯ ಹೊಟ್ಟೆಯೊಳಗೆ ಅವನು ಕಾಣದ ಮುತ್ತಜ್ಜಿಯ ಸೀರೆಯಿರುವುದು ಹೀಗೆ.

ನಾನು ಏಳು ವರ್ಷದವನಿದ್ದಾಗ ತಂದೆ ತೀರಿಕೊಂಡರು. ಕೊನೆಗೆ ಮೈಮೇಲಿದ್ದ ಬಟ್ಟೆ ಅವರ ಜೊತೆಗೇ ಹೋಯಿತು. ಉಳಿದ ಎರಡು ಧೋತರ, ಮೂರು ಅಂಗಿಗಳನ್ನು ಅವ್ವ ಒಂದು ವರ್ಷ ಮುಟ್ಟಲಿಲ್ಲ. ಮರುವರ್ಷದ ಬೇಸಗೆಯಲ್ಲಿ ಅವುಗಳಿಗೆ ಕತ್ತರಿ ಹಾಕಲು ಕುಳಿತಾಗ ಅವಳ ಕೈ ಏಳಲಿಲ್ಲ. ಆಯಿಯೇ, ತನ್ನ ಮಗನ ಬಟ್ಟೆಯನ್ನು ತಾನೇ, ಮೊದಲು ಕತ್ತರಿಸಿ ಕೊಟ್ಟಳು. ಮುಂದೆ ಓದಿಗೆಂದು ನಾನು ಪಟ್ಟಣದ ವಿದ್ಯಾರ್ಥಿನಿಲಯ ಸೇರುವಾಗ ಅವ್ವ ಆ ಕೌದಿಯನ್ನು ಸುತ್ತಿಕೊಟ್ಟು, “ತಮ್ಮಾ, ಇದರಾಗ ನಿಮ್ಮಪ್ಪನ ಧೋತ್ರ ಅದ. ಅಲ್ಲಿ ನಾ ಇರಾಂಗಿಲ್ಲ, ಅಂವ ಇರ್ತಾನ” ಎಂದಳು.

ಕೋಣೆಯ ಉಳಿದ ಹುಡುಗರ ಹತ್ತಿರ ಅಂಗಡಿಯಿಂದ ತಂದ ರಗ್ಗುಗಳಿದ್ದವು. ಒಬ್ಬ ನನ್ನ ಕೌದಿಯನ್ನು ನೋಡಿ ನಕ್ಕ. ಅವನನ್ನು ದೂರುವುದು ಸಲ್ಲದು, ನಾಚಿಕೊಂಡವನು ನಾನು. ಆ ಚಳಿಗಾಲದಲ್ಲಿ ಸಾಲ ಮಾಡಿ ನಾನೂ ಒಂದು ರಗ್ಗು ಕೊಂಡೆ. ಕೌದಿಯನ್ನು ಬಾಗಿಲಲ್ಲಿ ಮಲಗುತ್ತಿದ್ದ ಮುದುಕ ಕಾವಲುಗಾರನಿಗೆ ಕೊಟ್ಟುಬಿಟ್ಟೆ. ದಾನ ಮಾಡಿದೆನೆಂದು ನನಗೆ ನಾನೇ ಹೇಳಿಕೊಂಡೆ. ದಾಸಿಮಯ್ಯನ ಕಥೆಯನ್ನು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ ಈ ಸುಳ್ಳು ನನ್ನನ್ನು ಚುಚ್ಚುತ್ತದೆ. ಆತ ಕೊಟ್ಟದ್ದು ತನಗೆ ಪ್ರಿಯವಾದ ವಸ್ತ್ರ. ನಾನು ಕೊಟ್ಟದ್ದು ನನಗೆ ನಾಚಿಕೆ ತಂದ ವಸ್ತ್ರ.

ಅವ್ವನ ಮುಂದೆ ಇದನ್ನು ಒಪ್ಪಿಕೊಳ್ಳಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಅವಳು ತುಸು ಹೊತ್ತು ಸುಮ್ಮನಿದ್ದು, “ಆ ಮುದುಕಗ ಬೆಚ್ಚಗಾತಿಲ್ಲೊ?” ಎಂದು ಕೇಳಿದಳು. ಆಗಿರಬೇಕು ಎಂದೆ. “ಆತಂದ್ರ ಆತು ಬಿಡು. ಕೌದಿ ಇರೋದು ಹೊಚ್ಚಗೊಳ್ಳಾಕ” ಎಂದಳು.

ಈಗ ನಮ್ಮ ಕಡೆ ಕೌದಿ ಹೊಲಿಯುವವರು ಕಡಿಮೆಯಾಗಿದ್ದಾರೆ. ನೈಲಾನು, ಪಾಲಿಯೆಸ್ಟರುಗಳ ಸೀರೆ ಹತ್ತಿಯ ಸೀರೆಯಂತೆ ಬೆವರು ಹೀರುವುದಿಲ್ಲ, ಮೈಗೆ ಮೆತ್ತಗಾಗುವುದಿಲ್ಲ, ಸೂಜಿಯ ಕೆಳಗೆ ಜಾರುತ್ತದೆ. ಅಂಗಡಿಯ ರಗ್ಗು ಅಗ್ಗವಾಗಿ ಸಿಕ್ಕುತ್ತದೆ. ಪಟ್ಟಣಗಳ ಕರಕುಶಲ ಮಳಿಗೆಗಳಲ್ಲಿ ಹೊಸ ಬಟ್ಟೆಯ ಕೌದಿಗಳು ಮಾರಾಟಕ್ಕಿರುತ್ತವೆ. ಅವು ಚೆಲುವಾಗಿವೆ, ಹೊಲಿದ ಕೈಗೆ ನಾಲ್ಕು ಕಾಸು ಬರುತ್ತದೆ, ಸಂತೋಷವೇ. ಅವುಗಳಲ್ಲಿ ಯಾರೂ ಇಲ್ಲ, ಅಷ್ಟೆ. ಆದರೆ ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಮುಂಬಯಿಗಳಿಗೆ ಗುಳೆ ಹೋಗುವ ನಮ್ಮ ಸೀಮೆಯ ಜನರನ್ನು ಯಾದಗಿರಿಯ ರೈಲು ನಿಲ್ದಾಣದಲ್ಲಿ ನೋಡಿದರೆ, ಪಾತ್ರೆಯ ಚೀಲದ ಜೊತೆಗೆ ಹಗ್ಗ ಕಟ್ಟಿದ ಕೌದಿಯ ಸುರುಳಿ ಇನ್ನೂ ಕಣ್ಣಿಗೆ ಬೀಳುತ್ತದೆ. ಊರು ಬಿಡುವಾಗ ಹೊಲ, ಮನೆ, ಗುಡಿ ಯಾವುದನ್ನೂ ಹೊತ್ತೊಯ್ಯಲು ಬರುವುದಿಲ್ಲ.

ಕಳೆದ ಸಲ ಊರಿಗೆ ಹೋದಾಗ ಅವ್ವ ಅಟ್ಟದಿಂದ ಒಂದು ಗಂಟನ್ನು ಇಳಿಸಿ ತೋರಿಸಿದಳು. ಆಯಿಯ ಎರಡು ಸೀರೆ, ತಂದೆಯ ಒಂದು ಅಂಗಿಯ ತೋಳು, ನನ್ನ ಮಗಳು ಚಿಕ್ಕವಳಿದ್ದಾಗಿನ ಲಂಗ. ಮೇಲೆ ಅವಳದೇ ಒಂದು ಇಲಕಲ್ ಸೀರೆ, ಒಗೆದು ಮಡಿಸಿ ಇಟ್ಟದ್ದು. ಇನ್ನೂ ಉಡಬಹುದಾದ ಸೀರೆಯಲ್ಲವೆ ಎಂದೆ. “ಈಗ ಬ್ಯಾಡ, ಆಮ್ಯಾಲ ಹೊಲೀರಿ” ಎಂದು ಗಂಟು ಕಟ್ಟಿದಳು. ಆಮೇಲೆ ಎಂದರೆ ಎಂದೆಂದು ನಾನು ಕೇಳಲಿಲ್ಲ. ದೊಡ್ಡ ಸೂಜಿಗೆ ದಾರ ಪೋಣಿಸುವುದನ್ನಾದರೂ ಈ ಬೇಸಗೆಯ ರಜೆಯಲ್ಲಿ ಮಗಳೂ ನಾನೂ ಅವಳಿಂದ ಕಲಿಯಬೇಕೆಂದಿದ್ದೇವೆ.